ಕೋಳಿ ಫೀಡಿನಲ್ಲಿ ಆಂಟಿಬಯೋಟಿಕ್ ಬದಲು ಗಿಡಮೂಲಿಕೆ: ಏನು ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು

ಅರಿಶಿನ, ಬೆಳ್ಳುಳ್ಳಿ, ಓಂಕಾಳು ಹಾಕಿದರೆ ಕೋಳಿಗೆ ಔಷಧಿಯೇ ಬೇಡ ಎನ್ನುವ ವಿಡಿಯೋಗಳು ಈಗ ಎಲ್ಲರ ಫೋನಿಗೂ ಬರುತ್ತಿವೆ. ಅದರಲ್ಲಿ ಅರ್ಧ ನಿಜ ಇದೆ. ಕಾಯಿಲೆ ಇಲ್ಲದಿದ್ದರೂ ಫೀಡಿನಲ್ಲೋ ನೀರಿನಲ್ಲೋ ಸ್ವಲ್ಪ ಸ್ವಲ್ಪ ಆಂಟಿಬಯೋಟಿಕ್ ಕೊಡುವ ರೂಢಿ ಇದೆಯಲ್ಲ, ಅದನ್ನು ಬಿಡಲು ಗಿಡಮೂಲಿಕೆ ನೆರವಾಗುತ್ತದೆ. ಆದರೆ ಕಾಯಿಲೆ ಬಿದ್ದ ಕೋಳಿಯನ್ನು ಅರಿಶಿನ ಗುಣ ಮಾಡುವುದಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡವರು ಬ್ಯಾಚ್ ಕಳೆದುಕೊಳ್ಳುತ್ತಾರೆ.

ಇದನ್ನು ಬರೆಯುತ್ತಿರುವುದು 200ರಿಂದ 1000 ಕೋಳಿ ಸಾಕುವ, ಫೀಡ್ ತಾವೇ ಕೊಳ್ಳುವ ಅಥವಾ ತಾವೇ ಅರೆಸುವ ರೈತರಿಗೆ. ಬ್ರಾಯ್ಲರ್, ಗಿರಿರಾಜ, ನಾಟಿ, ಮೊಟ್ಟೆ ಕೋಳಿ ಯಾವುದಾದರೂ ಸರಿ. ಕಂಪನಿಯ ಕಾಂಟ್ರ್ಯಾಕ್ಟ್‌ನಲ್ಲಿ ಸಾಕುವವರು ಮಾತ್ರ ಫೀಡಿಗೆ ಏನು ಸೇರಿಸುವುದಿದ್ದರೂ ಮೊದಲು ಸೂಪರ್‌ವೈಸರ್‌ಗೆ ಹೇಳಿ. ಫೀಡ್ ಅವರದು. ಲೆಕ್ಕ ತಪ್ಪಿದರೆ ಜವಾಬ್ದಾರಿ ನಿಮ್ಮ ತಲೆಗೆ ಬರುತ್ತದೆ.

ಆಂಟಿಬಯೋಟಿಕ್ ಯಾಕೆ ಬಂತು, ಯಾಕೆ ಹೋಗಬೇಕು

1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಒಂದು ವಿಷಯ ಗೊತ್ತಾಯಿತು. ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದರೆ ಅವು ಬೇಗ ಬೆಳೆಯುತ್ತಿದ್ದವು. ಅಲ್ಲಿಂದ ಸಣ್ಣ ಪ್ರಮಾಣದ ಆಂಟಿಬಯೋಟಿಕ್ ಫೀಡಿನ ಭಾಗವೇ ಆಯಿತು. ಇದು ಕರುಳಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ, ಕರುಳಿನ ಉರಿಯೂತ ಕಡಿಮೆ ಮಾಡುತ್ತದೆ. ಹಾಗಾಗಿ ತಿಂದದ್ದು ಮೈಗೆ ಹತ್ತುತ್ತದೆ.

ಆದರೆ ಸಣ್ಣ ಪ್ರಮಾಣದಲ್ಲಿ ಎಲ್ಲ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಉಳಿದವು ಔಷಧಿಗೆ ಬಗ್ಗದಂತೆ ಗಟ್ಟಿಯಾಗುತ್ತವೆ. ಅವೇ ಹಿಕ್ಕೆ, ಮಾಂಸ, ನೀರಿನ ಮೂಲಕ ಮನುಷ್ಯರಿಗೆ ಬರುತ್ತವೆ. ಶೆಡ್‌ನಲ್ಲಿ ದಿನಾ ಓಡಾಡುವ ನಿಮಗೂ ನಿಮ್ಮ ಮಕ್ಕಳಿಗೂ ಎಲ್ಲರಿಗಿಂತ ಮೊದಲು ಬರುತ್ತವೆ. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಹಾಕುವುದನ್ನು ನಿಲ್ಲಿಸಿತು. ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಕೋಳಿ ಮತ್ತು ಇತರ ಆಹಾರ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಬೇರೆ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ರೋಗಿಗೆ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಔಷಧಿ ಅದು. ಅದನ್ನು ನಾವು ಕೋಳಿಗೆ ಸುಮ್ನೆ ಚೆಲ್ಲುತ್ತಿದ್ದೆವು. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಹೆಜ್ಜೆ 1: ಮೊದಲು ಶೆಡ್, ಆಮೇಲೆ ಸೊಪ್ಪು

ಈ ಹೆಜ್ಜೆಯನ್ನು ಎಲ್ಲರೂ ಹಾರಿಸಿ ಮುಂದೆ ಹೋಗುತ್ತಾರೆ. ಆದರೆ ಮುಕ್ಕಾಲು ಪಾಲು ಕೆಲಸ ಇರುವುದು ಇಲ್ಲೇ. ಒದ್ದೆ ಲಿಟ್ಟರ್ (ಶೆಡ್ ನೆಲಕ್ಕೆ ಹಾಸುವ ಹೊಟ್ಟು), ಕೊಳಕು ನೀರು, ಇಕ್ಕಟ್ಟು ಜಾಗ ಇದ್ದ ಕಡೆ ಆಂಟಿಬಯೋಟಿಕ್ ಆ ತಪ್ಪುಗಳನ್ನು ಮುಚ್ಚಿಡುತ್ತಿತ್ತು. ಅದನ್ನು ತೆಗೆದ ಕೂಡಲೇ ತಪ್ಪೆಲ್ಲ ಹೊರಗೆ ಬರುತ್ತದೆ. ಆಗ "ಗಿಡಮೂಲಿಕೆ ಕೆಲಸ ಮಾಡಲಿಲ್ಲ" ಎನ್ನುತ್ತೇವೆ.

ಲಿಟ್ಟರ್ ನೋಡುವುದು ಸುಲಭ. ಒಂದು ಹಿಡಿ ಭತ್ತದ ಹೊಟ್ಟನ್ನು ಬಿಗಿಯಾಗಿ ಹಿಂಡಿ ಕೈ ಬಿಚ್ಚಿ. ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ ಇದೆ. ಸಡಿಲವಾಗಿ ಉದುರಿದರೆ ಸರಿ. ಪೂರ್ತಿ ಧೂಳಾಗಿ ಹಾರಿದರೆ ತುಂಬಾ ಒಣಗಿದೆ, ಉಸಿರಾಟಕ್ಕೆ ತೊಂದರೆ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯ ಮೊಟ್ಟೆಗಳು ಒದ್ದೆ ಲಿಟ್ಟರ್‌ನಲ್ಲಿ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತವೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಇದೇ ದೊಡ್ಡ ಶತ್ರು. ದಿನಕ್ಕೊಮ್ಮೆ ಲಿಟ್ಟರ್ ಕೆದಕಿ. ನೀರಿನ ಬಟ್ಟಲ ಕೆಳಗಿನ ಒದ್ದೆ ಹೊಟ್ಟನ್ನು ಅವತ್ತೇ ಹೊರಗೆ ಹಾಕಿ. ಬಟ್ಟಲ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಲಿ, ಆಗ ನೀರು ಚೆಲ್ಲುವುದಿಲ್ಲ.

ಬ್ರಾಯ್ಲರ್‌ಗೆ ಒಂದಕ್ಕೆ ಒಂದು ಚದರ ಅಡಿಯಾದರೂ ಬೇಕು. ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ ಕೊಡಿ. ಮೊದಲ ವಾರ ಮರಿಗಳಿಗೆ ಶಾಖ ಕೊಡುವ ಬ್ರೂಡರ್ ಕೆಳಗೆ 33ರಿಂದ 35 ಡಿಗ್ರಿ ಶಾಖ ಇರಲಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಕುಡಿಯುವ ನೀರಿನ ಟ್ಯಾಂಕಿಗೆ 1000 ಲೀಟರಿಗೆ ಸುಮಾರು 10 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ, ಒಂದು ರಾತ್ರಿ ಬಿಟ್ಟು ಬಳಸಿ. ನೀರಿನಲ್ಲಿ ಲಸಿಕೆ ಕೊಡುವ ದಿನಗಳಲ್ಲಿ ಇದನ್ನು ನಿಲ್ಲಿಸಬೇಕು.

ಲಸಿಕೆಯ ವಿಷಯದಲ್ಲಿ ಮಾತೇ ಬೇಡ. ಕೊಕ್ಕರೆ ರೋಗಕ್ಕೆ, ಗುಂಬೋರೋಗೆ ಯಾವ ಸೊಪ್ಪೂ ಲಸಿಕೆಯ ಬದಲಾಗುವುದಿಲ್ಲ. ಅವು ವೈರಸ್ ರೋಗಗಳು, ಅವಕ್ಕೆ ಆಂಟಿಬಯೋಟಿಕ್ ಕೂಡ ನಾಟುವುದಿಲ್ಲ. ವೈದ್ಯರು ಕೊಟ್ಟ ಪಟ್ಟಿಯನ್ನು ಹಾಗೇ ಪಾಲಿಸಿ.

ಹೆಜ್ಜೆ 2: ಗಿಡ ಆರಿಸುವುದು

ಹತ್ತು ಸೊಪ್ಪು ಒಟ್ಟಿಗೆ ಹಾಕುವವರಿಗೆ ಯಾವುದು ಕೆಲಸ ಮಾಡಿತು ಎಂದು ಕೊನೆಗೂ ತಿಳಿಯುವುದಿಲ್ಲ. ಎರಡು ಮೂರು ಸಾಕು. ಇಲ್ಲಿರುವ ಪ್ರಮಾಣಗಳೆಲ್ಲ ಒಣಗಿಸಿದ ಪುಡಿಗೆ.

ಅರಿಶಿನ ನನ್ನ ಮೊದಲ ಆಯ್ಕೆ. ಇದರಲ್ಲಿರುವ ಕರ್ಕ್ಯುಮಿನ್ ಉರಿಯೂತ ತಗ್ಗಿಸುತ್ತದೆ. ಇನ್ನೊಂದು ಕಾರಣವೂ ಇದೆ. ನಮ್ಮ ಮೆಕ್ಕೆಜೋಳ ಮಳೆಗೆ ಸಿಕ್ಕಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಅದು ಕೋಳಿಯ ಯಕೃತ್ತನ್ನು ಹಾಳು ಮಾಡುತ್ತದೆ. ಅರಿಶಿನ ಈ ಹಾನಿಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಹಾಗಂತ ಬೂಷ್ಟು ಜೋಳ ತಿನ್ನಿಸಿ ಅರಿಶಿನ ಸುರಿಯಬೇಡಿ. ಜೋಳವನ್ನು ತೇವಾಂಶ 12-13 ಶೇಕಡಕ್ಕೆ ಇಳಿಯುವ ತನಕ ಒಣಗಿಸುವುದೇ ಸರಿಯಾದ ದಾರಿ. ಪ್ರಮಾಣ: ಕಿಲೋ ಫೀಡಿಗೆ 3ರಿಂದ 5 ಗ್ರಾಂ. ಬಿಡಿ ಪುಡಿ ಕೊಳ್ಳಬೇಡಿ, ಅದರಲ್ಲಿ ಬಣ್ಣದ ಕಲಬೆರಕೆ ಇರಬಹುದು, ಸೀಸ ಇರುವ ಲೆಡ್ ಕ್ರೋಮೇಟ್ ಕೂಡ. ಕೊಂಬು ತಂದು ಮಿಲ್ಲಿನಲ್ಲಿ ಹಾಕಿಸಿ. ಚಾಮರಾಜನಗರದ ಕಡೆಯವರಿಗೆ ಬೆಳೆದವರಿಂದಲೇ ಕೊಂಬು ಸಿಗುತ್ತದೆ.

ಕರಿಮೆಣಸು ಅರಿಶಿನದ ಜೊತೆಗಾರ. ಕರ್ಕ್ಯುಮಿನ್ ಒಂದೇ ಹೋದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೆಣಸಿನ ಪೈಪರಿನ್ ಅದನ್ನು ಹೆಚ್ಚಿಸುತ್ತದೆ. ಕಿಲೋಗೆ ಅರ್ಧ ಗ್ರಾಂ ಸಾಕು. ಆದರೆ ಪೈಪರಿನ್ ಇತರ ಔಷಧಿಗಳು ರಕ್ತಕ್ಕೆ ಸೇರುವುದನ್ನೂ ಹೆಚ್ಚಿಸಬಲ್ಲದು. ಕೋಳಿಗೆ ಏನಾದರೂ ಔಷಧಿ ನಡೆಯುತ್ತಿದ್ದರೆ ಅಷ್ಟು ದಿನ ಮೆಣಸು ನಿಲ್ಲಿಸಿ.

ಓಂಕಾಳು ಮತ್ತು ದೊಡ್ಡಪತ್ರೆ ಕರುಳಿನ ಬ್ಯಾಕ್ಟೀರಿಯಾಗೆ. ವಿದೇಶದಲ್ಲಿ ಕೋಳಿ ಫೀಡಿಗೆ ಒರೆಗಾನೊ ಎಣ್ಣೆ ಹಾಕುತ್ತಾರೆ. ಅದರ ಗುಣ ಇರುವುದು ಕಾರ್ವಾಕ್ರಾಲ್, ಥೈಮಾಲ್ ಎಂಬ ಎರಡು ವಸ್ತುಗಳಲ್ಲಿ. ನಮ್ಮ ಓಂಕಾಳಿನಲ್ಲಿ ಥೈಮಾಲ್ ಧಾರಾಳವಾಗಿದೆ, ಹಿತ್ತಲ ದೊಡ್ಡಪತ್ರೆಯಲ್ಲಿ ಎರಡೂ ಇವೆ. ದುಬಾರಿ ಡಬ್ಬಿ ತರಿಸುವ ಮುಂಚೆ ಇದನ್ನು ನೋಡಿ. ಕಿಲೋಗೆ 2 ಗ್ರಾಂ.

ಬೆಳ್ಳುಳ್ಳಿ ಒಣಪುಡಿ ಕಿಲೋಗೆ 2ರಿಂದ 5 ಗ್ರಾಂ. ತುಂಬಾ ಹೆಚ್ಚಾದರೆ ಕೆಂಪು ರಕ್ತಕಣಗಳಿಗೆ ಹಾನಿ, ಮೊಟ್ಟೆಗೂ ವಾಸನೆ ಬರಬಹುದು. ಮೊಟ್ಟೆ ಕೋಳಿಗೆ ಕಡಿಮೆ ಪ್ರಮಾಣವೇ, ಅಂದರೆ 2 ಗ್ರಾಂ ಇರಲಿ.

ನುಗ್ಗೆಸೊಪ್ಪು ಔಷಧಿಗಿಂತ ಜಾಸ್ತಿ ಆಹಾರ. ಪ್ರೋಟೀನ್ ಇದೆ, ಮೊಟ್ಟೆಯ ಹಳದಿಗೆ ಬಣ್ಣ ಕೊಡುತ್ತದೆ. ಫೀಡಿನ 2ರಿಂದ 5 ಶೇಕಡ ಹಾಕಬಹುದು. ಅದಕ್ಕೂ ಮೀರಿದರೆ ನಾರು ಹೆಚ್ಚಾಗಿ ಬ್ರಾಯ್ಲರ್‌ನ ತೂಕ ಕುಗ್ಗುತ್ತದೆ. ಮೆಕ್ಕೆಜೋಳ ದುಬಾರಿಯಾಗಿ ನುಚ್ಚಕ್ಕಿ, ಸಜ್ಜೆ ಹಾಕುವವರ ಮೊಟ್ಟೆಯ ಹಳದಿ ಬಿಳಿಚಿಕೊಳ್ಳುತ್ತದೆ. ಅಂಥವರಿಗೆ ನುಗ್ಗೆಯ ಜೊತೆ ಒಣಗಿಸಿದ ಚೆಂಡು ಹೂವಿನ ದಳ ಒಳ್ಳೆಯದು. ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಬೆಳೆಯುವ ಆ ಹೂವಿನ ಬಣ್ಣದ ಸಾರವನ್ನೇ ಕಾರ್ಖಾನೆಗಳು ಕೋಳಿ ಫೀಡಿಗಾಗಿ ತೆಗೆಯುತ್ತವೆ. ಹಳದಿಗೆ ಇನ್ನೂ ಕೆಂಪು ಛಾಯೆ ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಸ್ವಲ್ಪ ಸೇರಿಸಿ. ಕೋಳಿಗೆ ನಮ್ಮಂತೆ ಖಾರ ತಾಗುವುದಿಲ್ಲ.

ಬೇವಿನ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಕಹಿಯಿಂದ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಹಾಕಲೇಬೇಕಿದ್ದರೆ ಕಿಲೋಗೆ 2 ಗ್ರಾಂ ಎಲೆಪುಡಿ ದಾಟಬೇಡಿ. ಮರಿ ಮಾಡಿಸುವ ಮೊಟ್ಟೆಯ ಕೋಳಿಗೆ ಬೇವು ಬೇಡವೇ ಬೇಡ. ನೆಲನೆಲ್ಲಿ ಯಕೃತ್ತಿಗೆ ಒಳ್ಳೆಯದು ಎಂದು ಹಳ್ಳಿಗಳಲ್ಲಿ ಬಹಳ ಕಾಲದಿಂದ ಬಳಸುತ್ತಾರೆ. ಬಳಸುವುದಿದ್ದರೆ ಕಿಲೋಗೆ 1ರಿಂದ 2 ಗ್ರಾಂ. ಹೊಲದ ಬದುವಿನಿಂದ ಕಿತ್ತು ತರುವಾಗ ಕಳೆನಾಶಕ, ಕೀಟನಾಶಕ ಹೊಡೆದ ಜಾಗವನ್ನು ಬಿಟ್ಟುಬಿಡಿ. ಪಾರ್ಥೇನಿಯಂ, ಉಮ್ಮತ್ತಿ ಗಿಡದ ಚೂರೂ ಸೇರದಂತೆ ಆರಿಸಿ.

ಹೆಜ್ಜೆ 3: ಒಣಗಿಸುವುದು, ಪುಡಿ ಮಾಡುವುದು

ಸೊಪ್ಪನ್ನು ಬಿಸಿಲಿಗೆ ಹರಡಬೇಡಿ. ನೆರಳಲ್ಲಿ, ಗಾಳಿಯಾಡುವ ಜಾಗದಲ್ಲಿ, ಬಟ್ಟೆಯ ಮೇಲೆ ತೆಳ್ಳಗೆ ಹರಡಿ. ಬಿಸಿಲಿಗೆ ಬಣ್ಣವೂ ಹೋಗುತ್ತದೆ, ಪರಿಮಳದ ಎಣ್ಣೆಯೂ ಹಾರಿಹೋಗುತ್ತದೆ, ಅಲ್ಲಿಗೆ ಔಷಧಿ ಗುಣವೇ ಹೋದಂತೆ. ಎಲೆ ಹಿಡಿದು ಉಜ್ಜಿದರೆ ಹಪ್ಪಳದ ಹಾಗೆ ಪುಡಿಯಾಗಬೇಕು. ಬಾಗಿದರೆ ಇನ್ನೂ ತೇವ ಇದೆ. ತೇವ ಉಳಿದ ಪುಡಿಗೆ ಬೂಷ್ಟು ಬಂದರೆ ನೀವೇ ಕೋಳಿಗೆ ವಿಷ ಹಾಕಿದಂತಾಗುತ್ತದೆ.

ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ಹತ್ತು ನಿಮಿಷ ಬಿಡಿ. ಜಜ್ಜಿದ ಮೇಲೆಯೇ ಅದರಲ್ಲಿ ಅಲಿಸಿನ್ ಹುಟ್ಟುವುದು. ಆಮೇಲೆ ತೆಳ್ಳಗೆ ಹರಡಿ ಒಣಗಿಸಿ. ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ. ದಪ್ಪ ಚೂರಿದ್ದರೆ ಕೋಳಿ ಅದನ್ನು ಬಿಟ್ಟು ಜೋಳವನ್ನೇ ಹೆಕ್ಕುತ್ತದೆ. ಒಂದು ತಿಂಗಳಿಗೆ ಬೇಕಾದಷ್ಟೇ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಹೆಸರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿ.

ಹೆಜ್ಜೆ 4: ಫೀಡಿಗೆ ಕಲಸುವುದು

50 ಕಿಲೋ ಚೀಲಕ್ಕೆ ಒಂದು ಅಳತೆ ಹೀಗೆ: ಅರಿಶಿನ 150 ಗ್ರಾಂ, ಬೆಳ್ಳುಳ್ಳಿ 100 ಗ್ರಾಂ, ಓಂಕಾಳು ಅಥವಾ ದೊಡ್ಡಪತ್ರೆ 100 ಗ್ರಾಂ, ಕರಿಮೆಣಸು 25 ಗ್ರಾಂ. ಒಟ್ಟು 375 ಗ್ರಾಂ. ನುಗ್ಗೆಯನ್ನು ಬಿಟ್ಟು ಉಳಿದ ಮೂಲಿಕೆಗಳೆಲ್ಲ ಸೇರಿ ಫೀಡಿನ ಒಂದು ಶೇಕಡ ದಾಟಬಾರದು. ಮೊದಲ ಬ್ಯಾಚ್‌ಗೆ ಮಾತ್ರ ಅರಿಶಿನ, ಮೆಣಸು ಎರಡೇ ಸಾಕು. ಅರಿಶಿನವನ್ನು 250 ಗ್ರಾಂಗೆ ಏರಿಸಬಹುದು.

ಪುಡಿಯನ್ನು ನೇರ ಚೀಲಕ್ಕೆ ಸುರಿದು ಕೈಯಾಡಿಸಿದರೆ ಒಂದು ಕೋಳಿಗೆ ಎಲ್ಲ ಸಿಗುತ್ತದೆ, ಇನ್ನೊಂದಕ್ಕೆ ಏನೂ ಸಿಗುವುದಿಲ್ಲ. ಹೀಗೆ ಮಾಡಿ:

1. ಪುಡಿಗಳನ್ನೆಲ್ಲ ಒಂದು ಕಿಲೋ ಅರೆದ ಮೆಕ್ಕೆಜೋಳದ ಜೊತೆ ಕಲಸಿ.
2. ಅದನ್ನು 5 ಕಿಲೋ ಫೀಡಿಗೆ ಸೇರಿಸಿ ಮತ್ತೆ ಕಲಸಿ.
3. ಅದನ್ನು 15 ಕಿಲೋಗೆ ಸೇರಿಸಿ.
4. ಕೊನೆಗೆ ಉಳಿದದ್ದರ ಜೊತೆ ಸಲಿಕೆಯಿಂದ ನಾಲ್ಕೈದು ಸಲ ರಾಶಿ ತಿರುವಿ ಹಾಕಿ. ಅರಿಶಿನದ ಬಣ್ಣ ಎಲ್ಲ ಕಡೆ ಒಂದೇ ಥರ ಕಂಡರೆ ಕಲಸಿದ್ದು ಸರಿಯಾಗಿದೆ.

ಪೆಲೆಟ್ (ಗುಳಿಗೆ) ಫೀಡ್ ಕೊಡುವವರು ಪುಡಿಯನ್ನು ಮೇಲೆ ಉದುರಿಸಿದರೆ ಅದು ತಳಕ್ಕೆ ಇಳಿಯುತ್ತದೆ. ಸ್ವಲ್ಪ ಅಡುಗೆ ಎಣ್ಣೆ ಸವರಿದರೆ ಅಂಟಿಕೊಳ್ಳುತ್ತದೆ. ಅವತ್ತಿನದನ್ನು ಅವತ್ತೇ ಖಾಲಿ ಮಾಡಿ. ಪೆಲೆಟ್ ಮಾಡಿಸುವ ಮುಂಚೆಯೇ ಓಂಕಾಳು ಹಾಕಿದರೆ ಯಂತ್ರದ ಶಾಖಕ್ಕೆ ಎಣ್ಣೆಯ ಒಂದು ಪಾಲು ಹಾರಿಹೋಗುತ್ತದೆ. ಮ್ಯಾಶ್ (ಪುಡಿ) ಫೀಡಿಗೇ ಗಿಡಮೂಲಿಕೆ ಚೆನ್ನಾಗಿ ಹೊಂದುತ್ತದೆ.

ಕಷಾಯವನ್ನು ನೀರಿನಲ್ಲಿ ಕೊಡಬಹುದಾ? ತೆರೆದ ಬಟ್ಟಲಲ್ಲಿ ಮಾತ್ರ, ಸೋಸಿ, ನಾಲ್ಕು ಗಂಟೆಯೊಳಗೆ ಮುಗಿಯುವಷ್ಟು ಕೊಡಿ. ನಿಪ್ಪಲ್ ಪೈಪಿಗೆ ಬೇಡ. ಒಳಗೆ ಲೋಳೆ ಕಟ್ಟಿ ಅದೇ ರೋಗಾಣುಗಳ ಮನೆಯಾಗುತ್ತದೆ.

ಹೆಜ್ಜೆ 5: ಯಾವ ವಯಸ್ಸಿಗೆ ಏನು

ಮರಿ ಬಂದ ಮೊದಲ ಮೂರು ದಿನ ಮೂಲಿಕೆ ಏನೂ ಬೇಡ. ಶುದ್ಧ ನೀರು, ಶಾಖ, ಕಾಗದದ ಮೇಲೆ ಹರಡಿದ ಫೀಡ್, ಇಷ್ಟೇ. ಈ ದಿನಗಳಲ್ಲಿ ನೀರಿಗೆ ಆಂಟಿಬಯೋಟಿಕ್ ಹಾಕುವ ರೂಢಿ ಬಹಳ ಕಡೆ ಇದೆ. ಅದನ್ನು ಬಿಡಬೇಕಿದ್ದರೆ ಒಳ್ಳೆಯ ಹ್ಯಾಚರಿಯ ಮರಿ ತರಬೇಕು. ಪೆಟ್ಟಿಗೆ ತೆರೆದಾಗ ಇಪ್ಪತ್ತು ಮರಿಗಳ ಹೊಟ್ಟೆ ತಿರುಗಿಸಿ ನೋಡಿ. ಹೊಕ್ಕುಳು ಮುಚ್ಚಿ ಒಣಗಿರಬೇಕು. ಕಪ್ಪು ಗಂಟು, ತೇವ, ಕೆಟ್ಟ ವಾಸನೆ ಇದ್ದರೆ ಅಂಥ ಮರಿಗಳಿಗೆ ವೈದ್ಯರನ್ನೇ ಕೇಳಿ. ಮಾರನೇ ದಿನ ಕತ್ತಿನ ಕೆಳಗಿನ ಮೇವು ಚೀಲ ಮುಟ್ಟಿ ನೋಡಿ. 24 ಗಂಟೆಯಲ್ಲಿ ನೂರಕ್ಕೆ ತೊಂಬತ್ತೈದು ಮರಿಗಳ ಚೀಲ ತುಂಬಿ ಮೆತ್ತಗಿರಬೇಕು. ಅಷ್ಟಿಲ್ಲದಿದ್ದರೆ ಶಾಖವನ್ನೋ ನೀರನ್ನೋ ಸರಿಪಡಿಸಬೇಕು.

ನಾಲ್ಕನೇ ದಿನದಿಂದ ಅರ್ಧ ಪ್ರಮಾಣ, ಎರಡನೇ ವಾರದಿಂದ ಪೂರ್ತಿ. ಲಸಿಕೆಯನ್ನು ನೀರಿನಲ್ಲಿ ಕೊಡುವ ಹಿಂದಿನ ದಿನ, ಆ ದಿನ, ಮರುದಿನ ಕಷಾಯ ಮತ್ತು ಬ್ಲೀಚಿಂಗ್ ಎರಡೂ ನಿಲ್ಲಿಸಿ. ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಅದನ್ನು ನಾವೇ ಕೊಲ್ಲಬಾರದು. ಮೊಟ್ಟೆ ಕೋಳಿಗೆ ಮೂಲಿಕೆಯನ್ನು ಮೂರು ವಾರ ಕೊಟ್ಟು ಒಂದು ವಾರ ಬಿಡುವುದು ನನಗೆ ಸರಿ ಎನಿಸುತ್ತದೆ. ಖರ್ಚೂ ಉಳಿಯುತ್ತದೆ, ಬಿಟ್ಟ ವಾರದಲ್ಲಿ ವ್ಯತ್ಯಾಸವೂ ಕಾಣುತ್ತದೆ.

ನೆಲದ ಮೇಲೆ ಸಾಕುವವರಿಗೆ ಒಂದು ಎಚ್ಚರಿಕೆ. ಫೀಡಿನಲ್ಲಿ ಬರುವ ಕಾಕ್ಸಿಡಿಯಾ ಔಷಧಿಯನ್ನು ಆಂಟಿಬಯೋಟಿಕ್ ಜೊತೆಗೇ ಒಂದೇ ಸಲ ತೆಗೆಯಬೇಡಿ. ಮೊದಲು ಆಂಟಿಬಯೋಟಿಕ್ ಬಿಡಿ. ಎರಡು ಮೂರು ಬ್ಯಾಚ್ ಸ್ಥಿರವಾಗಿ ಬಂದ ಮೇಲೆ, ಮಳೆಗಾಲ ಅಲ್ಲದ ಹೊತ್ತಿನಲ್ಲಿ, ಇದರ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ರಕ್ತಭೇದಿ ಒಮ್ಮೆ ಹತ್ತಿದರೆ ಅರಿಶಿನಕ್ಕೆ ನಿಲ್ಲುವುದಿಲ್ಲ.

ಹೆಜ್ಜೆ 6: ಅಳೆದು ನೋಡಿ

ಕೋಳಿ ಚುರುಕಾಗಿದೆ, ಕೆಂಪಗಿದೆ ಎನ್ನುವುದು ಲೆಕ್ಕ ಅಲ್ಲ. ಒಂದೇ ದಿನ ಬಂದ ಮರಿಗಳನ್ನು ಅದೇ ಶೆಡ್‌ನಲ್ಲಿ ಎರಡು ಭಾಗ ಮಾಡಿ, ನಡುವೆ ಜಾಲರಿ ಕಟ್ಟಿ. ಒಂದು ಭಾಗಕ್ಕೆ ಮೂಲಿಕೆ ಹಾಕಿದ ಫೀಡ್, ಇನ್ನೊಂದಕ್ಕೆ ಹಾಕದ ಅದೇ ಫೀಡ್. ಎರಡಕ್ಕೂ ಆಂಟಿಬಯೋಟಿಕ್ ಬೇಡ. ವಾರಕ್ಕೊಮ್ಮೆ ಬೆಳಗ್ಗೆ ಫೀಡ್ ಹಾಕುವ ಮುಂಚೆ ನೂರಕ್ಕೆ ಹತ್ತು ಕೋಳಿ ತೂಗಿ. ಆರಿಸಿ ಹಿಡಿಯಬೇಡಿ, ಒಂದು ಮೂಲೆಗೆ ತಡೆ ಹಾಕಿ ಅಲ್ಲಿ ಸಿಕ್ಕಿದ್ದನ್ನೆಲ್ಲ ತೂಗಿ. ಹಾಕಿದ ಫೀಡ್, ಸತ್ತ ಕೋಳಿ ಎರಡನ್ನೂ ಬರೆದಿಡಿ. ಮುಂದಿನ ಬ್ಯಾಚ್‌ನಲ್ಲಿ ಎರಡೂ ಭಾಗ ಅದಲುಬದಲು ಮಾಡಿ, ಗಾಳಿ ಬೆಳಕಿನ ವ್ಯತ್ಯಾಸ ಅಳಿಸಿಹೋಗುತ್ತದೆ.

ತಿಂದ ಫೀಡನ್ನು ಬಂದ ತೂಕದಿಂದ ಭಾಗಿಸಿದರೆ ಎಫ್‌ಸಿಆರ್. 2 ಕಿಲೋ ಬ್ರಾಯ್ಲರ್ 3.3 ಕಿಲೋ ಫೀಡ್ ತಿಂದಿದ್ದರೆ ಅದು 1.65. ಈಗ ಹಣದ ಲೆಕ್ಕ ನೋಡೋಣ. ಅರಿಶಿನ ಕಿಲೋಗೆ 200 ರೂಪಾಯಿ, ಮೆಣಸು 700, ಫೀಡ್ 40 ಎಂದು ಇಟ್ಟುಕೊಳ್ಳಿ. ಕಿಲೋ ಫೀಡಿಗೆ 5 ಗ್ರಾಂ ಅರಿಶಿನ, ಅರ್ಧ ಗ್ರಾಂ ಮೆಣಸು ಹಾಕಿದರೆ ಒಂದು ಕೋಳಿಗೆ ಅರಿಶಿನ 16.5 ಗ್ರಾಂ, ಅಂದರೆ 3.30 ರೂಪಾಯಿ. ಮೆಣಸಿಗೆ ಸುಮಾರು 1.15. ಒಟ್ಟು 4.45 ರೂಪಾಯಿ. ಇದು ವಾಪಸ್ ಬರಬೇಕಾದರೆ ಕೋಳಿಗೆ ಸುಮಾರು 110 ಗ್ರಾಂ ಫೀಡ್ ಉಳಿಯಬೇಕು, ಎಫ್‌ಸಿಆರ್ 1.65ರಿಂದ 1.60ರ ಆಸುಪಾಸಿಗೆ ಇಳಿಯಬೇಕು. ಕೆಲವು ಶೆಡ್‌ಗಳಲ್ಲಿ ಇಳಿಯುತ್ತದೆ, ಕೆಲವು ಕಡೆ ಇಳಿಯುವುದಿಲ್ಲ. ಮೊದಲೇ ಸ್ವಚ್ಛವಾಗಿರುವ ಶೆಡ್‌ನಲ್ಲಿ ವ್ಯತ್ಯಾಸ ಕಡಿಮೆಯೇ ಕಾಣುವುದು. ಹಾಗೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಶೆಡ್‌ಗೆ ಆಂಟಿಬಯೋಟಿಕ್ಕೂ ಬೇಕಿಲ್ಲ, ಅಷ್ಟು ಅರಿಶಿನವೂ ಬೇಕಿಲ್ಲ ಎಂದು ಅರ್ಥ. ಅದು ಖುಷಿಯ ಸುದ್ದಿ ಅಲ್ವಾ? ಆಗ ಪ್ರಮಾಣ ಇಳಿಸಿ ನೋಡಿ.

ಎಲ್ಲಿ ನಿಲ್ಲಿಸಬೇಕು

ದಿನದ ಸಾವು ಇದ್ದಕ್ಕಿದ್ದಂತೆ ಎರಡು ಪಟ್ಟಾದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಕತ್ತು ತಿರುಚಿದರೆ, ಬಾಯಿ ತೆರೆದು ಗೊರಗೊರ ಉಸಿರಾಡಿದರೆ, ನೀರು ಕುಡಿಯುವುದು ಒಂದೇ ದಿನದಲ್ಲಿ ಇಳಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ. ಸತ್ತ ಕೋಳಿಯನ್ನು ಕೈಗವಸು ಹಾಕಿ ಎತ್ತಿ ಬೇರೆ ಇಡಿ. ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಫೋನ್ ಮಾಡಿ ಮರಣೋತ್ತರ ಪರೀಕ್ಷೆ ಮಾಡಿಸಿ. ವೈದ್ಯರು ಆಂಟಿಬಯೋಟಿಕ್ ಬರೆದರೆ ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣ ಪೂರ್ತಿ ಕೊಡಿ. ನರಳುವ ಜೀವಕ್ಕೆ ಚಿಕಿತ್ಸೆ ತಪ್ಪಿಸಿ "ನಮ್ಮದು ಔಷಧಿ ಮುಕ್ತ ಕೋಳಿ" ಎಂದು ಹೇಳಿಕೊಳ್ಳುವುದು ಸರಿಯಲ್ಲ. ಕೊಟ್ಟ ಮೇಲೆ ಲೇಬಲ್‌ನಲ್ಲಿ ಬರೆದ ದಿನಗಳು ಕಳೆಯುವ ತನಕ ಮಾಂಸಕ್ಕೂ ಮೊಟ್ಟೆಗೂ ಮಾರಬೇಡಿ. ಆ ಬ್ಯಾಚನ್ನು ಔಷಧಿ ಮುಕ್ತ ಎಂದು ಕರೆಯಲೂಬೇಡಿ.

ಅಂಗಡಿಯ ಹರ್ಬಲ್ ಟಾನಿಕ್ ಕೊಳ್ಳುವವರು ಬಾಟಲಿಯ ಮೇಲೆ ಗಿಡಗಳ ಹೆಸರು, ಪ್ರಮಾಣ, ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಖು ಇದೆಯಾ ನೋಡಿ. ಒಂದೇ ದಿನದಲ್ಲಿ ಭೇದಿ ನಿಂತಿತು ಎಂದು ಹೊಗಳಿ ಮಾರುವ ಹರ್ಬಲ್ ದ್ರಾವಣದ ಮೇಲೆ ಅನುಮಾನ ಇರಲಿ. ಗಿಡಮೂಲಿಕೆ ಅಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ, ಒಳಗೆ ಬೇರೇನೋ ಇರಬಹುದು. ಪ್ರಯೋಗಾಲಯದ ವರದಿ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಫೀಡಿನ ಮೇಲೆ ಸಂಶಯ ಬಂದರೆ ಚೀಲದ ಮೇಲೆ, ನಡುವೆ, ತಳದಿಂದ ಹಿಡಿ ಹಿಡಿ ತೆಗೆದು ಅರ್ಧ ಕಿಲೋ ಮಾಡಿ, ಒಣ ಕವರಿನಲ್ಲಿ ಕಟ್ಟಿ ತಾರೀಖು ಬರೆಯಿರಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗ ಪಶುವೈದ್ಯಕೀಯ ಕಾಲೇಜುಗಳಲ್ಲಿ ಯಾವುದು ಹತ್ತಿರವೋ ಅಲ್ಲಿನ ಪಶು ಆಹಾರ ವಿಭಾಗದಲ್ಲಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಕೋಳಿ ಸಾಕಣೆಯ ತರಬೇತಿ ಬೇಕಿದ್ದವರಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ. ಹೋಗುವಾಗ ತೂಕದ ಪುಸ್ತಕ ಜೊತೆಗಿರಲಿ. ಅದನ್ನು ನೋಡಿದರೆ ಅಲ್ಲಿಯವರಿಗೆ ನಿಮ್ಮ ಶೆಡ್‌ಗೆ ಹೊಂದುವ ಸಲಹೆ ಕೊಡುವುದು ಸುಲಭವಾಗುತ್ತದೆ.